ಚಾಪೆಯ ಮೇಲೆ ಕೂತ ಪದ್ಮಾಬಾಯಿ ಟೀಚರ್

ನಮ್ಮೂರು ವಾಡಿಯಲ್ಲಿ ಗೂಡ್ಸ್ ಗಾಡಿ ಹಾಯುವಾಗ ನಮ್ಮ ಶಾಲೆಯ ಮಾಸ್ತರರೆಲ್ಲ ಪಾಠ ನಿಲ್ಲಿಸುತ್ತಿದ್ದರು. ಜೀವಶಾಸ್ತ್ರದ ಪದ್ಮಾಬಾಯಿ ಟೀಚರ್ ಮಾತ್ರ ದನಿ ಏರಿಸುತ್ತಿದ್ದರು. ಗರ್ಭಕೋಶದ ಪಾಠಕ್ಕೆ ನಾವು ಹುಡುಗಿಯರು ತಲೆ ತಗ್ಗಿಸಿದರೆ, "ಯಾಕ್ರೆವಾ, ನೀವೇನು ಮುಗಲಿಂದ ಉದುರೀರೇನು? ಮ್ಯಾಲ ನೋಡ್ರಿ!" ಎಂದು ಗದರುವರು. ನಾನು ಜೀವಶಾಸ್ತ್ರ ಹಿಡಿದದ್ದು ಆ ಗದರಿಕೆಯಿಂದಲೇ.

ಅವರದು ಮಡಿಯ ಮನೆ. ತಿಂಗಳ ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಬೇರೆ ಕೂರುತ್ತಿದ್ದರು, ಅಲ್ಲೇ ನಮ್ಮ ಪೇಪರು ತಿದ್ದುತ್ತಿದ್ದರು. "ಶಾಲ್ಯಾಗ ವಿಜ್ಞಾನ, ಮನ್ಯಾಗ ಅತ್ತಿ. ಎರಡರ ಜೋಡಿನೂ ಬಾಳ್ವೆ ಮಾಡಬೇಕವಾ" ಎಂದು ನಗುತ್ತಿದ್ದರು.

ಮುಂದೆ ನಾನು ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದೆ. ಒಮ್ಮೆ ರಜೆಗೆ ಬಂದಾಗ ನೋಡಲು ಹೋದರೆ, ನಿವೃತ್ತರಾಗಿ ವರ್ಷಗಳೇ ಕಳೆದಿದ್ದ ಟೀಚರ್ ಅದೇ ಮೂಲೆಯಲ್ಲಿ, ಚಾಪೆಯ ಮೇಲೆ! ಮುಟ್ಟು ನಿಂತ ವಯಸ್ಸಿನಲ್ಲಿ ಮತ್ತೆ ರಕ್ತ ಕಂಡರೆ ಅದು ರೋಗದ ಗುರುತಿರಬಹುದು.

"ಮತ್ತ ಸುರು ಆಗೇದವಾ. ಈ ವಯಸ್ಸಿನ್ಯಾಗ ಅಡಿಗಿಮನಿಗೆ ರಜಾ."

"ಯಾವಾಗಿಂದ್ರಿ?"

"ವರ್ಷ ಆಗಲಿಕ್ಕತ್ತದ."

ಅವರ ನಾದಿನಿ ಗೋದಾಬಾಯಿ ದೂರದಿಂದಲೇ ತಾಟು ಸರಿಸಿ ಒಳಗೆ ಹೋದರು. ಮನೆಯವರೆಲ್ಲ ಕಂಡಿದ್ದರು, ಯಾರೂ ಕೇಳಿರಲಿಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮರುದಿನವೇ ಟೀಚರನ್ನು ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದೆ. ಗರ್ಭಕೋಶದ ಕ್ಯಾನ್ಸರ್; ಆಗಲೇ ಹರಡಿತ್ತು. ಆಪರೇಶನ್ನಿನ ಮುಂಚೆ, "ನಿನ್ನ ಕೆಲಸ ಏನು ಹೇಳು" ಎಂದರು ಟೀಚರ್. ಮೈಕ್ರೋ ಆರ್‌ಎನ್‌ಎ ಎಂಬ ಚಿಕ್ಕ ತುಣುಕುಗಳು ಜೀನುಗಳಿಗೆ 'ಸಾಕು, ನಿಲ್ಲಿ' ಎನ್ನುತ್ತವೆ, ಈ ರೋಗದಲ್ಲಿ ಅವು ಏರುಪೇರಾಗಿರುತ್ತವೆ, ಅದನ್ನು ಓದಲು ಕಲಿತರೆ ಮುಂದೆಂದಾದರೂ ರೋಗವನ್ನು ಬೇಗ ಹಿಡಿಯಬಹುದು ಎಂದೆ.

"ಅಂದ್ರ ಸಾಕು ಅನ್ನೋ ಹಿರ್ಯಾರು ಸುಮ್ಮನಾದ್ರ ಮನಿ ಹುಡುಗರು ಹದ್ದು ಮೀರ್ತಾವ."

"ಹೌದ್ರಿ ಟೀಚರ್."

"ನನ್ನ ಗರ್ಭಕೋಶದ್ದೂ ಒಂದು ಚೂರು ತಗೋ, ನೋಡು. ಆದ್ರ ನೀವು ಕಲಿಯೋತನಕ ಹೆಣ್ಮಕ್ಕಳು ಬಾಯಿ ಮುಚ್ಚಿಕೊಂಡು ಕೂಡಬೇಕೇನು? ಪಾಠ ಹೇಳಿದಾಕಿ ನಾನೇ ಕೂತೆ." ಅವರ ದನಿ ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೈ ಹಿಡಿದುಕೊಂಡೆ, ಅತ್ತದ್ದು ನಾನು.

ಅವರು ಹೆಚ್ಚು ದಿನ ಉಳಿಯಲಿಲ್ಲ. ವೈಕುಂಠ ಸಮಾರಾಧನೆಗೆ ವಾಡಿಗೆ ಹೋದೆ. ಗೋದಾಬಾಯಿ ಅಂದು ಬಡಿಸಲು ಬರಲಿಲ್ಲ. ಊಟ ಮುಗಿಸಿದ ಗಂಡಸರು ಕೈತೊಳೆಯಲು ಹಿತ್ತಲಿಗೆ ಬಂದಾಗ, ಅವರೆಲ್ಲರ ಎದುರಿಗೇ ನನ್ನನ್ನು ಕರೆದರು.

"ನಂದು ನಿಂತು ಭಾಳ ವರ್ಷ ಆಗಿತ್ತವಾ. ಇವತ್ತು ಮುಂಜಾನೆ ಮತ್ತ ರಕ್ತ ಕಂಡೇದ. ನಾಳಿ ನಿನ್ನ ಜೋಡಿ ದವಾಖಾನಿಗೆ ಬರ್ತೀನಿ."