ನೀರುಕರಡಿಯ ತಲೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರರು ಯಾವ ಜೀವಿಯನ್ನೂ ವಂಶ ವಿಚಾರಿಸದೆ ತರಗತಿಯೊಳಕ್ಕೆ ಬಿಟ್ಟವರಲ್ಲ. ಸಂಬಂಧ ನೋಡುವ ತುಳುವರು ತಾಯಿಯ ಕಡೆಯ ಕುಲವಾದ ಬರಿಯನ್ನು ಕೇಳುವ ಹಾಗೆ, “ಇದರ ಬರಿ ಯಾವುದು?” ಎಂದು ಕೇಳಿ ಕನ್ನಡಕ ಒರೆಸುತ್ತಿದ್ದರು. ಕದ್ರಿಯ ಗೋಡೆಗಳ ಪಾಚಿಯಲ್ಲಿ ವಾಸಿಸುವ, ಬರಿಗಣ್ಣಿಗೆ ಕಾಣದ, ಎಂಟು ಕಾಲಿನ ನೀರುಕರಡಿಯು ಕೀಟಗಳ ದಾಯಾದಿಯೆಂದು ತೀರ್ಪು ಕೊಟ್ಟವರೂ ಅವರೇ.

ಒಮ್ಮೆ ಒಬ್ಬ ವಿದ್ಯಾರ್ಥಿನಿ, ಕೀಟಕ್ಕೆ ಹೋಲಿಸಿದರೆ ನೀರುಕರಡಿಯ ದೇಹ ಬಹುಪಾಲು ತಲೆಯೇ ಎಂದು ಉತ್ತರಪತ್ರಿಕೆಯಲ್ಲಿ ಬರೆದಳು. ಪ್ರೊಫೆಸರರು ಅದನ್ನು ತರಗತಿಗೆ ಓದಿ ಹೇಳಿ, “ಬರೆದವರಿಗೆ ತಲೆ ಉಂಟಾ?” ಎಂದರು. ಎಲ್ಲರೂ ನಕ್ಕರು.

ಆ ವಾರವೇ, ತಾವು ಓದದೆ ಬಿಟ್ಟಿದ್ದ ಸಂಶೋಧನಾ ಲೇಖನವೊಂದು ಅವರ ಕೈಗೆ ಬಂತು. ಭ್ರೂಣ ಬೆಳೆಯುವಾಗ ಯಾವ ಭಾಗ ಎಲ್ಲಿ ಮೂಡಬೇಕೆಂದು ಗೊತ್ತುಮಾಡುವ ಜೀನುಗಳು ಹುಡುಗಿಯ ಪರವಾಗಿ ಸಾಕ್ಷಿ ಹೇಳಿದ್ದವು. ಪೂರ್ವಜರಿಗಿದ್ದ ನಡುಭಾಗವನ್ನು ನೀರುಕರಡಿಯ ವಂಶ ಎಂದೋ ಕಳೆದುಕೊಂಡಿತ್ತು; ಉಳಿದದ್ದು ಬಹುಪಾಲು ತಲೆಯೇ.

ಕಂಕನಾಡಿಯಲ್ಲಿದ್ದ ಅವಳ ತಂದೆಯ ಬಟ್ಟೆ ಅಂಗಡಿಗೆ ಪ್ರೊಫೆಸರರು ನನ್ನನ್ನೂ ಕರೆದುಕೊಂಡು ಹೋದರು. ಕನ್ನಡ ಪಾಠ ಮಾಡುವ ನನ್ನಿಂದ ಅಲ್ಲಿ ಏನು ಪ್ರಯೋಜನವೆಂದು ನಾನು ಕೇಳಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು. ಕೌಂಟರಿನಲ್ಲಿ ಅವಳೇ ಕುಳಿತಿದ್ದಳು.

“ನೀನು ಬರೆದದ್ದೇ ಸರಿ ಮಾರಾಯ್ತಿ. ಮಾರ್ಕ್ ತಿದ್ದುತ್ತೇನೆ,” ಎಂದರು, ಕೌಂಟರಿನ ಮೇಲಿದ್ದ ಲುಂಗಿಯೊಂದನ್ನು ಪರೀಕ್ಷಿಸುತ್ತ.

“ಮಾರ್ಕ್ ಇರಲಿ ಸರ್,” ಎಂದಳು ಅವಳು. “ನಗಾಡಿದ್ದು ಕ್ಲಾಸಲ್ಲಲ್ವಾ? ಕ್ಲಾಸಲ್ಲೇ ಹೇಳಿ.”

ಮರುದಿನ ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. “ತಪ್ಪು ನನ್ನದು. ತಲೆ ಇಲ್ಲದವ ನಾನು,” ಎಂದು ನಿಲ್ಲಿಸಿದರು.

ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಾರೆಂದು ಅವರು ಬಹಳ ಹೊತ್ತು ಕಾದರು.