ತವುಡಿಗೆ ಮಾರಿದ ಮಗಳು

ರಾಧಾಮಣಿ ಮೇಡಂ ಎಂಬ ಹೆಸರು ಕೇಳಿದರೆ ಚಿಂತಾಮಣಿಯ ಆ ಪ್ರೌಢಶಾಲೆಯಲ್ಲಿ ಓದಿದವರ ಬೆರಳು ಇವತ್ತಿಗೂ ತಾನಾಗಿಯೇ ಮಡಚಿಕೊಳ್ಳುತ್ತದೆ. ಇಂಗ್ಲಿಷ್ ಕಲಿಸುತ್ತಿದ್ದ ಆಕೆ ಪದ್ಯಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಂಡವಳಲ್ಲ, ಪ್ರಬಂಧವನ್ನು ಅರ್ಧ ಓದಿ ಸಹಿ ಹಾಕುತ್ತಿದ್ದಳು. ಅವಳ ಹಟವೆಲ್ಲ ಒಂದೇ ಕಡೆ. ಯಾವುದು ಯಾರದ್ದು ಎಂಬುದನ್ನು ತಪ್ಪಿಲ್ಲದೆ ಹೇಳಬೇಕು. ಮೈ ಪೆನ್, ಆದರೆ ಪೆನ್ ಈಸ್ ಮೈನ್. ಹರ್ ಬ್ಯಾಗ್, ಆದರೆ ಬ್ಯಾಗ್ ಈಸ್ ಹರ್ಸ್. 'ಅವರ್' ಎಂದರೆ ಅವರದ್ದು ಎಂದುಕೊಂಡು ಬರೆಯುವ ಹುಡುಗರು ಪ್ರತಿ ವರ್ಷ ಸಿಗುತ್ತಿದ್ದರು.

"ಅವರದ್ದಲ್ಲ ಕಣೋ, ನಮ್ಮದು. ನಿಮ್ಮಪ್ಪನ ಹೊಲಾನ ಪಕ್ಕದೋನು ಉತ್ಕೊಂಡ ದಿನ ಗೊತ್ತಾಗುತ್ತೆ ನಿನಗೆ, ನಮ್ಮದು ಯಾವುದು ಅಂತ," ಎನ್ನುತ್ತಿದ್ದಳು. ಮಾತು ಮುಗಿಯುವ ಮೊದಲೇ ಸ್ಕೇಲು ಬೆರಳಿನ ಗೆಣ್ಣಿನ ಮೇಲೆ ಬಿದ್ದಿರುತ್ತಿತ್ತು.

ಇಷ್ಟೆಲ್ಲ ಕಲಿಸಿದವಳು ಮನೆಗೆ ಹೋದರೆ ಹೆತ್ತ ಮಗಳನ್ನು ನನ್ನ ಮಗಳು ಎನ್ನುವ ಹಾಗಿರಲಿಲ್ಲ.

ಅವಳು ಸೊಸೆಯಾಗಿ ಹೋದದ್ದು ಅಂಬಾಜಿದುರ್ಗದ ಬುಡದ ಒಂದು ಹಳ್ಳಿಗೆ. ಗಂಡ ಗಂಗಾಧರ್, ಮಾತಿಗೆ ಬಡವ. ಅವನ ಅಣ್ಣ ಮುನಿವೆಂಕಟಪ್ಪ, ಅತ್ತಿಗೆ ಅಕ್ಕಯ್ಯಮ್ಮ. ಅಕ್ಕಯ್ಯಮ್ಮನಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣಿನ ಆಸೆ ತೀರಿರಲಿಲ್ಲ. ರಾಧಾಮಣಿಯ ಮೊದಲ ಎರಡು ಕೂಸುಗಳು ನಾಮಕರಣಕ್ಕೂ ಉಳಿಯಲಿಲ್ಲ. ಮೂರನೆಯದು ಹೆಣ್ಣು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ರಾಮಲಕ್ಷ್ಮಮ್ಮ ಕೂಸನ್ನು ಹೊಸಿಲ ಮೇಲೆ ಮೊರದಲ್ಲಿ ಮಲಗಿಸಿ, ಒಂದು ಹಿಡಿ ತವುಡಿಗೆ ಹಿರಿಸೊಸೆಗೆ ಮಾರಿದಳು. ಆ ಕಡೆಯ ಹಳೆಯ ಪದ್ಧತಿ ಅದು. ಸಾವು ಬಂದು ರಾಧಾಮಣಿಯ ಮಗು ಎಲ್ಲಿ ಎಂದು ಹುಡುಕಿದರೆ ಅಲ್ಲಿ ಅವಳದ್ದೆಂಬುದು ಏನೂ ಇರಬಾರದು. ಕಾಗದದಲ್ಲಿ ಪ್ರಿಯಾಂಕ ಎಂದಾದ ಕೂಸು ಮನೆಯಲ್ಲಿ ತವುಡಮ್ಮ ಆಯಿತು.

"ಬಾಯಿ ತಪ್ಪಿ ಕೂಡ ನನ್ನ ಮಗು ಅನ್ನಬ್ಯಾಡಮ್ಮ. ಅದರ ಕಿವಿ ಬಲು ಸೂಕ್ಷ್ಮ," ಎಂದು ಅತ್ತೆ ಎಚ್ಚರಿಸಿದ್ದಳು. ಅದು ಎಂದರೆ ಸಾವು.

ಮಾರಾಟಕ್ಕೆ ಒಂದು ಕೊನೆಯೂ ಇತ್ತು. ಮಗುವಿಗೆ ಐದು ತುಂಬಿದ ಮೇಲೆ ಹೆತ್ತವಳು ತವುಡು ಹಿಂದಿರುಗಿಸಬೇಕು, ಕೊಂಡವಳು ಸೆರಗೊಡ್ಡಿ ಇಸಿದುಕೊಳ್ಳಬೇಕು. ಆಗ ಮಗು ವಾಪಸ್ಸು. ಐದು ತುಂಬಿತು, ಅಕ್ಕಯ್ಯಮ್ಮ ಸೆರಗೊಡ್ಡಲಿಲ್ಲ. ಆ ವರ್ಷ ಊರಲ್ಲಿ ದಡಾರದ ಅಮ್ಮ ಎದ್ದಿದೆ ಎಂದಳು. ಮರುವರ್ಷ ನಕ್ಷತ್ರ ಸರಿಯಿಲ್ಲ ಎಂದಳು. ಅತ್ತೆ ತೀರಿಕೊಂಡ ಮೇಲೆ ನೆಪ ಹೇಳುವ ಕಷ್ಟವನ್ನೂ ಬಿಟ್ಟು, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ ಇಲ್ವೇನೇ? ಕೊಟ್ಟಾಯ್ತು, ಬಿಡು," ಎಂದುಬಿಟ್ಟಳು. ಗಾದೆ ಹುಟ್ಟಿದ್ದು ಮದುವೆ ಮಾಡಿಕೊಟ್ಟ ಹೆಣ್ಣಿಗೆ, ಮೊರದಲ್ಲಿ ಕೊಟ್ಟ ಕೂಸಿಗಲ್ಲ. ಅದನ್ನು ಅವಳಿಗೆ ಹೇಳುವವರು ಯಾರು?

ಅವತ್ತಿನಿಂದ ಒಂದೇ ಸೂರು, ಎರಡು ಒಲೆ. ಹುಡುಗಿ ಉಣ್ಣುತ್ತಿದ್ದದ್ದು ಅಕ್ಕಯ್ಯಮ್ಮನ ಒಲೆಯದ್ದು, ಜಡೆ ಹಾಕಿಸಿಕೊಳ್ಳುತ್ತಿದ್ದದ್ದು ಅಕ್ಕಯ್ಯಮ್ಮನ ಮುಂದೆ ಕೂತು, ಅಮ್ಮ ಎನ್ನುತ್ತಿದ್ದದ್ದೂ ಅವಳನ್ನೇ. ಹೆತ್ತವಳು ಚಿಕ್ಕಮ್ಮ. ಹುಡುಗಿಗೂ ಊರಿಗೂ ನಿಜ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ರಾಧಾಮಣಿ ಓರಗಿತ್ತಿಯನ್ನು ದ್ವೇಷಿಸಿದಳು. ಮುಚ್ಚುಮರೆ ಮಾಡಲಿಲ್ಲ. ಬೆಳಿಗ್ಗೆ ಮುಖ ನೋಡಿದರೆ ದಿನ ಕೆಡುತ್ತದೆ ಎಂದು ಹಿತ್ತಿಲ ಬಾಗಿಲಿನಿಂದಲೇ ಬಸ್ಸಿಗೆ ಹೋಗುತ್ತಿದ್ದಳು.

ಬಿ.ಎ., ಬಿ.ಎಡ್. ಮಾಡಿದವಳು ಇದನ್ನೆಲ್ಲ ಎತ್ತಿ ಬಿಸಾಕಬಾರದಿತ್ತೆ ಎಂದು ಕೇಳುವುದು ಸುಲಭ. ಅವಳಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಭಯ ಇತ್ತು. ಎರಡು ಸಲ ಖಾಲಿ ಮಡಿಲಲ್ಲಿ ಕೂತವಳ ಭಯಕ್ಕೆ ಯಾವ ಡಿಗ್ರಿಯೂ ಮದ್ದಲ್ಲ.

ಪ್ರಿಯಾಂಕ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ತೊಂಡೇಬಾವಿಯ ಕಡೆಯ ಸಂಬಂಧ ಕುದುರಿತು. ಗಂಡಿನವರು ಇಂಗ್ಲಿಷಿನಲ್ಲೂ ಲಗ್ನಪತ್ರಿಕೆ ಬೇಕೆಂದರು. ಸುತ್ತಿನ ಹಳ್ಳಿಗಳ ಪತ್ರಿಕೆಗಳ ಇಂಗ್ಲಿಷನ್ನೆಲ್ಲ ತಿದ್ದುತ್ತಿದ್ದವಳು ರಾಧಾಮಣಿಯೇ. ಚಿಂತಾಮಣಿಯಲ್ಲಿ ಪ್ರೆಸ್ ಇಟ್ಟಿದ್ದ ಜಗನ್, ಹಿಂದೆ ಅವಳ ಕೈಯಲ್ಲಿ ಪೆಟ್ಟು ತಿಂದವನು, ಕರಡನ್ನು ಮೊಬೈಲಿಗೆ ಕಳಿಸಿದ. ಮುನಿವೆಂಕಟಪ್ಪ ಮತ್ತು ಅಕ್ಕಯ್ಯಮ್ಮ ದಂಪತಿ 'ದೇರ್ ಡಾಟರ್' ಪ್ರಿಯಾಂಕಳ ಮದುವೆಗೆ ಆಹ್ವಾನಿಸುತ್ತಾರೆ ಎಂದಿತ್ತು. ಅವರ ಮಗಳು. ಪತ್ರಿಕೆಯಲ್ಲಿ ಮೇಲೆ ಹೆಸರಿದ್ದವರೇ ಧಾರೆಗೆ ಕೂರುವವರು. ಕೆಳಗೆ, ಸುಖಾಗಮನ ಬಯಸುವವರ ಸಾಲಿನಲ್ಲಿ, ರಾಧಾಮಣಿ ಗಂಗಾಧರ್.

ಅವಳ ಮೈಯೆಲ್ಲ ಉರಿದುಹೋಯಿತು. ಜಗನ್‌ಗೆ ಫೋನ್ ಮಾಡಿ, "ಮೇಲೆ ನನ್ನ, ನಮ್ಮ ಯಜಮಾನ್ರ ಹೆಸರು ಹಾಕು. ದೇರ್ ತೆಗೆದು ಅವರ್ ಹಾಕು," ಎಂದಳು. ಶಾಲೆಯಿಂದ ನೇರ ರೈಸ್ ಮಿಲ್ಲಿಗೆ ಹೋಗಿ ಒಂದು ಚೀಲ ತವುಡು ತಂದಳು.

ಹಜಾರದಲ್ಲಿ ಅಕ್ಕಯ್ಯಮ್ಮ ಮದುವೆ ಸೀರೆಗಳನ್ನು ಹರವಿಕೊಂಡು ಕೂತಿದ್ದಳು. ಪಕ್ಕದಲ್ಲಿ ಪ್ರಿಯಾಂಕ.

"ಎದ್ದೇಳಿ ಅಕ್ಕ. ಸೆರಗೊಡ್ಡಿ."

"ಏನೇ ಇದು, ಹಸುಗೆ ತಂದ್ಯಾ?"

"ಒಂದು ಹಿಡಿ ಕೊಟ್ಟು ಇಷ್ಟು ವರ್ಷ ಇವಳನ್ನ ಇಟ್ಕೊಂಡ್ರಲ್ಲ, ಚೀಲಾನೇ ತಂದಿದೀನಿ. ಒಡ್ಡಿ."

"ಒಡ್ಡಲ್ಲ. ಹೆತ್ತುಬಿಟ್ರೆ ಆಯ್ತಾ? ಜ್ವರ ಬಂದಾಗ ಎದೆ ಮೇಲೆ ಮಲಗಿಸ್ಕೊಂಡೋಳು ನಾನು. ನೀನು ಊರಿನ ಮಕ್ಕಳಿಗೆ ಪಾಠ ಹೇಳೋಕೆ ಬಸ್ ಹತ್ತಿದ್ದೆ."

"ಮುಟ್ಟೋಕೆ ಬಿಟ್ರಾ ನೀವು? ಬಿಟ್ರಾ ನನ್ನ?"

ರಾಧಾಮಣಿ ಚೀಲವನ್ನು ಕವುಚಿಬಿಟ್ಟಳು. ಒಡ್ಡದ ಸೆರಗನ್ನು ಸವರಿಕೊಂಡು ತವುಡು ನೆಲಕ್ಕೆ ಸುರಿಯಿತು, ಸೀರೆಗಳ ಮೇಲೆಲ್ಲ ದೂಳೆದ್ದಿತು. ಆ ದೂಳಿನ ನಡುವೆ ಅವಳು ಹೇಳಿಯೇಬಿಟ್ಟಳು.

"ಇವಳು ನನ್ನ ಮಗಳು. ಧಾರೆಗೆ ನಾನು ಕೂರ್ತೀನಿ."

ಪ್ರಿಯಾಂಕ ಸೀನಿದಳು.

ಒಂದೇ ಸೀನು. ಶುಭಕಾರ್ಯದ ಮಾತಿಗೆ ಒಂಟಿ ಸೀನು ಬರಬಾರದೆಂದು ಆ ಮನೆಯ ಹಸುಗೂಸಿಗೂ ಗೊತ್ತು. ಎರಡನೆಯದು ಬಂದರೆ ದೋಷ ಕಳೆಯಿತು. ಇಬ್ಬರು ಹೆಂಗಸರೂ ಹುಡುಗಿಯ ಮೂಗನ್ನೇ ನೋಡಿದರು. ಹುಡುಗಿ ಮೂಗು ಒರೆಸಿಕೊಂಡಳು. ಎರಡನೆಯದು ಬರಲಿಲ್ಲ.

ರಾಧಾಮಣಿ ಬಾಗಿಲ ಕಡೆ ತಿರುಗಿ, ಅಲ್ಲಿ ಯಾರೋ ನಿಂತು ಕೇಳಿಸಿಕೊಂಡಿದ್ದಾರೆಂಬ ಹಾಗೆ, ಗಟ್ಟಿಯಾಗಿ ಹೇಳಿದಳು.

"ನಂದಲ್ಲ. ನಂದಲ್ಲಪ್ಪ. ಅಕ್ಕನ ಮಗಳು ಅದು."

"ಅವುನು, ನಾ ಬಿಡ್ಡ," ಎಂದು ಅಕ್ಕಯ್ಯಮ್ಮನೂ ಬಾಗಿಲಿಗೇ ಹೇಳಿದಳು. ಗಾಬರಿಯಾದರೆ ಅವಳಿಗೆ ತವರಿನ ತೆಲುಗೇ ಬಾಯಿಗೆ ಬರುತ್ತಿತ್ತು; ಹೌದು, ನನ್ನ ಕೂಸು ಎನ್ನುತ್ತಿದ್ದಳು. "ನಾ ಬಿಡ್ಡ. ನಾದೇ."

ಅವಳು ಇಷ್ಟು ವರ್ಷ ಸೆರಗೊಡ್ಡದೆ ಇದ್ದದ್ದು ಬರೀ ಆಸೆಯಿಂದಲ್ಲ, ಇದೇ ಭಯದಿಂದಲೂ ಎಂಬುದು ರಾಧಾಮಣಿಗೆ ಆಗ ಗೊತ್ತಾಯಿತು. ಗೊತ್ತಾಗಿ ಅವಳ ಸಿಟ್ಟು ಇನ್ನೂ ಹೆಚ್ಚಿತು. ಈ ಹೆಂಗಸು ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡಲಿಲ್ಲವಲ್ಲ!

ಅಕ್ಕಯ್ಯಮ್ಮ ಎದ್ದು ಸೆರಗನ್ನು ಕೊಡವಿ, ಒಂದು ಚಿಟಿಕೆ ತವುಡೂ ಉಳಿಯದಂತೆ ನೋಡಿ, ಸೊಂಟಕ್ಕೆ ಬಿಗಿದಳು. ಪೊರಕೆ ತಂದು ಎಲ್ಲವನ್ನೂ ಅಂಗಳಕ್ಕೆ ಗುಡಿಸಿದಳು.

ಅಷ್ಟರಲ್ಲಿ ಜಗನ್ ಫೋನ್ ಮಾಡಿದ. "ಮೇಡಂ, ನೀವು ಹೇಳ್ದಂಗೆ ಅವರ್ ಡಾಟರ್ ಅಂತ ಮಾಡಿದೀನಿ. ಪ್ರಿಂಟಿಗೆ ಕೊಡ್ಲಾ?"

"ಬ್ಯಾಡ. ಮೊದಲು ಹೆಂಗಿತ್ತೋ ಹಂಗೇ ಇರಲಿ," ಎಂದಳು ರಾಧಾಮಣಿ. "ದೇರ್ ಸರಿ. ನಾನೇ ತಪ್ಪು ಹೇಳಿದ್ದೆ."