ಬೇಸಿಗೆಯಲ್ಲಿ ಉಣ್ಣೆ ಕೋಟು

ಫೋಟೋ ಸ್ಟುಡಿಯೋದ ಟೈಲರಣ್ಣ ಹೆಂಡತಿ ಕೆಮ್ಮಿದರೂ ಬೆಚ್ಚಿಬೀಳುವ ಆಸಾಮಿ. ಚಳಿಗಾಲದ ಉಡುಪುಗಳ ಫೋಟೋ ತೆಗೆಯುವುದು ಸುಡುಬೇಸಿಗೆಯಲ್ಲಿ. ಕೂದಲು ಹಾರುತ್ತದೆಂದು ಫ್ಯಾನೂ ಬಂದ್. ಉಣ್ಣೆ ಕೋಟು ತೊಟ್ಟು ಬೆಳಗಿನಿಂದ ನಿಂತಿದ್ದ ಮಾಡೆಲ್ ಹುಡುಗಿ ಬಿಳಿಚಿಕೊಂಡು ತೂರಾಡತೊಡಗಿದಳು.

"ಸಾರ್, ಮಗೂಗೆ ಸ್ವಲ್ಪ ನೀರು..."

"ಏಯ್ ಟೈಲರ್, ನಿನ್ನ ಕೆಲಸ ನೋಡ್ಕೋ! ಇಲ್ಲಾಂದ್ರೆ ಮನೆಗೆ ಹೋಗು," ಮಾಲೀಕ ಗದರಿದ.

ಟೈಲರಣ್ಣ ತಟ್ಟನೆ ಹಿಂದೆ ಸರಿದ. ಕಾಲರು ಸರಿಪಡಿಸುವ ನೆಪದಲ್ಲಿ ಅವಳ ಬೆನ್ನ ಹಿಂದೆ ಹೋಗಿ, ತೋಳಿನ ಹೊಲಿಗೆಗೆ ಸದ್ದಿಲ್ಲದೆ ಬ್ಲೇಡು ಆಡಿಸಿದ.

"ಅಯ್ಯಯ್ಯೋ, ಹೊಲಿಗೆ ಬಿಟ್ಕೊಂಡಿದೆ ಸಾರ್! ಕೋಟು ಬಿಚ್ಚಿ ಕೊಡಮ್ಮ. ಫ್ಯಾನ್ ಹಾಕ್ತೀನಿ, ನೀರು ಕುಡಿದು ಕೂತ್ಕೋ."

"ಎಷ್ಟು ಹೊತ್ತಯ್ಯಾ?"

"ಉಣ್ಣೆ ಸಾರ್. ಅವಸರ ಮಾಡಿದ್ರೆ ಹಾಳಾಗತ್ತೆ."

ಅವಳ ಮುಖಕ್ಕೆ ಬಣ್ಣ ಬರುವವರೆಗೂ ಅವನು ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. ಅದರಲ್ಲಿ ನಾಟಕವೇನೂ ಇರಲಿಲ್ಲ. ಕೈ ನಡುಗುವುದು ನಿಂತರೆ ತಾನೆ!